ಆನೆ ಎಣಿಸುವ ಇಲಾಖೆಗೆ: ಬೆಟ್ಟ ಹತ್ತುವ ನಮ್ಮನ್ನೂ ಎಣಿಸಿ

ಮಾನ್ಯ ಅರಣ್ಯ ಸಚಿವರಿಗೆ ಮತ್ತು ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

2023ರಲ್ಲಿ ನಿಮ್ಮ ಇಲಾಖೆ ರಾಜ್ಯದ ಆನೆಗಳನ್ನು ಎಣಿಸಿ 6,395 ಅಂತ ಹೇಳಿತು. 2022ರ ಹುಲಿ ಗಣತಿಯ ಪ್ರಕಾರ ನಮ್ಮಲ್ಲಿರುವ ಹುಲಿಗಳು 563. ಕಣ್ಣಿಗೆ ಬೀಳದ ಆನೆಯನ್ನು ಲದ್ದಿ ನೋಡಿ ಲೆಕ್ಕ ಹಾಕುತ್ತೀರಿ. ಆ ಲದ್ದಿ ಎಷ್ಟು ದಿನಕ್ಕೆ ಕರಗುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ಸೇರಿಸುತ್ತೀರಿ. ರಾತ್ರಿ ಕ್ಯಾಮೆರಾ ಮುಂದೆ ಹಾದುಹೋದ ಹುಲಿಯ ಪಟ್ಟೆ ನೋಡಿ ಇದು ಬೇರೆ, ನಿನ್ನೆಯದು ಬೇರೆ ಅಂತ ಗುರುತಿಸುತ್ತೀರಿ. ಇದೇನು ಸಣ್ಣ ಕೆಲಸ ಅಲ್ಲ.

ಅಂಥ ಇಲಾಖೆಗೆ ನನ್ನದೊಂದು ಪ್ರಶ್ನೆ. ಹೋದ ವರ್ಷ ಕುಮಾರ ಪರ್ವತಕ್ಕೆ ಎಷ್ಟು ಜನ ಹತ್ತಿದರು? ನೇತ್ರಾವತಿ ಪೀಕ್‌ಗೆ ಎಷ್ಟು? ಕುದುರೆಮುಖಕ್ಕೆ ಎಷ್ಟು? ಎಷ್ಟು ಟಿಕೆಟ್ ಖರ್ಚಾಯಿತು ಅಂತ ಕೇಳುತ್ತಿಲ್ಲ. ಎಷ್ಟು ಜನ ನಿಜವಾಗಿ ಹತ್ತಿದರು, ಯಾವ ಹೊತ್ತಿಗೆ ಹತ್ತಿದರು, ಅವರಲ್ಲಿ ಎಷ್ಟು ಜನ ಕತ್ತಲಾಗುವ ಮೊದಲು ಇಳಿದರು ಅಂತ ಕೇಳುತ್ತಿದ್ದೇನೆ. ಆನೆಯ ಲೆಕ್ಕ ಹುಡುಕಿದರೆ ಒಂದು ನಿಮಿಷದಲ್ಲಿ ಸಿಗುತ್ತದೆ. ಈ ಲೆಕ್ಕ ನಾನು ಹುಡುಕಿದ ಕಡೆ ಎಲ್ಲೂ ಸಿಗಲಿಲ್ಲ.

ಯಾಕೆ ಕೇಳುತ್ತಿದ್ದೇನೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2024ರ ಜನವರಿ, ಗಣರಾಜ್ಯೋತ್ಸವದ ರಜೆ. ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲು ನಿಂತ ವಿಡಿಯೊ ಇಡೀ ರಾಜ್ಯ ನೋಡಿತು. ಪುಷ್ಪಗಿರಿ ವನ್ಯಜೀವಿಧಾಮದ ಒಳಗೆ ಬಸ್ ಸ್ಟ್ಯಾಂಡಿನಷ್ಟು ಜನ. ಕೂಡಲೇ ಸಚಿವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲ ಚಾರಣ ನಿಲ್ಲಿಸಲು ಹೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ವೆಬ್‌ಸೈಟ್ ಬಂತು. ಒಂದು ದಾರಿಗೆ ದಿನಕ್ಕೆ 300 ಜನ, ಗುರುತಿನ ಚೀಟಿ ಕಡ್ಡಾಯ, ಮೊದಲೇ ಬುಕ್ ಮಾಡಬೇಕು. ಬೈದವರು ಬಹಳ ಜನ. ನಾನು ಬೈದಿಲ್ಲ, ಈಗಲೂ ಬೈಯುವುದಿಲ್ಲ. ಆ ನೂಕುನುಗ್ಗಲಿಗಿಂತ ಇದು ಎಷ್ಟೋ ಪಾಲು ವಾಸಿ.

ಆದರೆ 300 ಎಲ್ಲಿಂದ ಬಂತು?

ಕುಮಾರ ಪರ್ವತ 1,712 ಮೀಟರ್ ಎತ್ತರ. ಕುಕ್ಕೆ ಕಡೆಯಿಂದ ಹತ್ತಿದರೆ ಕಾಡು, ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ ಎಲ್ಲ ದಾಟಬೇಕು. ಗಟ್ಟಿ ಕಾಲಿನವರಿಗೂ ಇಡೀ ದಿನದ ಕೆಲಸ. ನೇತ್ರಾವತಿ ಪೀಕ್ ಹಾಗಲ್ಲ. ಅಲ್ಲಿ ಜೀಪ್ ಒಂದಿಷ್ಟು ದಾರಿ ಕರೆದುಕೊಂಡು ಹೋಗುತ್ತದೆ, ಆಮೇಲೆ ಬಯಲು ಹುಲ್ಲುಗಾವಲು. ಇವೆರಡಕ್ಕೂ ಒಂದೇ 300 ಹೇಗೆ ಸರಿ ಹೋಗುತ್ತದೆ? ಒಂದು ಕಡೆ 300 ಜಾಸ್ತಿ ಆಗಬಹುದು, ಇನ್ನೊಂದು ಕಡೆ 400 ಆದರೂ ಏನೂ ಆಗದಿರಬಹುದು. ಲೆಕ್ಕ ಇದ್ದರೆ ತೋರಿಸಿ, ನಾವೆಲ್ಲ ಒಪ್ಪಿಕೊಳ್ಳುತ್ತೇವೆ. ಗಲಾಟೆ ನಿಲ್ಲಿಸಲು ತುರ್ತಾಗಿ ಹಾಕಿದ ಸಂಖ್ಯೆ ಅದು ಅನ್ನುವುದಾದರೂ ಸರಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ತುರ್ತಿನ ಸಂಖ್ಯೆ ಶಾಶ್ವತವಾಗಿ ಕೂತುಬಿಡಬಾರದು, ಅಷ್ಟೇ.

ಪಕ್ಕದ ತಮಿಳುನಾಡಿನಲ್ಲಿ ಕೆಲಸ ಬೇರೆ ಥರ ಆಯಿತು. ಊಟಿ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟ್ 2024ರ ಮೇ 7ರಿಂದ ಇ-ಪಾಸ್ ತಂದಿತು. ಶುರುವಿನಲ್ಲಿ ಯಾರನ್ನೂ ತಡೆಯಲಿಲ್ಲ. ಪಾಸ್ ಕೇಳಿದವರಿಗೆಲ್ಲ ಸಿಗುತ್ತಿತ್ತು. ಎಷ್ಟು ಗಾಡಿ, ಎಷ್ಟು ಜನ, ಯಾವ ದಿನ ಬರುತ್ತಾರೆ ಅಂತ ಮೊದಲು ತಿಳಿಯಲಿ ಅನ್ನುವುದು ಅದರ ಉದ್ದೇಶ. ಮಿತಿ ಬಂದಿದ್ದು ಮುಂದಿನ ವರ್ಷದ ಏಪ್ರಿಲ್‌ನಲ್ಲಿ: ಊಟಿ ಇರುವ ನೀಲಗಿರಿಗೆ ವಾರದ ದಿನ 6,000 ಗಾಡಿ, ವಾರಾಂತ್ಯಕ್ಕೆ 8,000; ಕೊಡೈಕೆನಾಲ್‌ಗೆ 4,000 ಮತ್ತು 6,000. ಆ ಸಂಖ್ಯೆ ಸರಿಯೋ ತಪ್ಪೋ ಅಂತ ಅಲ್ಲಿನ ವ್ಯಾಪಾರಿಗಳು ಜಗಳ ಆಡಿದರು, ಆಡಲಿ. ಜಗಳಕ್ಕೂ ಕೈಯಲ್ಲಿ ಒಂದು ಲೆಕ್ಕ ಇತ್ತು. ನಮ್ಮಲ್ಲಿ ಮಿತಿ ಮೊದಲು ಬಂದಿದೆ, ಎಣಿಕೆ ಇನ್ನೂ ಬರಬೇಕು.

ಟಿಕೆಟ್ ಇದೆಯಲ್ಲ, ಅದೇ ಎಣಿಕೆ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ. ಬುಕ್ ಮಾಡಿ ಬಾರದವರು ಇರುತ್ತಾರೆ. ಮಳೆ ನೋಡಿ ಅರ್ಧಕ್ಕೆ ವಾಪಸ್ ಹೋದವರು ಇರುತ್ತಾರೆ. ಕಳ್ಳದಾರಿಯಲ್ಲಿ ಹತ್ತಿದವರೂ ಇರುತ್ತಾರೆ. ಆ ದಾರಿಗಳು ಯಾವುವು ಅಂತ ನಿಮ್ಮ ವಾಚರ್‌ಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕುಮಾರ ಪರ್ವತಕ್ಕೆ ಎರಡು ಕಡೆಯಿಂದ ದಾರಿ ಇದೆ, ಕುಕ್ಕೆ ಕಡೆಯಿಂದ ಒಂದು, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಇನ್ನೊಂದು. ಈ ಕಡೆ ಹತ್ತಿ ಆ ಕಡೆ ಇಳಿದವನನ್ನು ಇಲ್ಲಿಯ ಪುಸ್ತಕ ಇನ್ನೂ ಮೇಲೇ ಇದ್ದಾನೆ ಅನ್ನುತ್ತದೆ. ಅಲ್ಲಿಯ ಪುಸ್ತಕದಲ್ಲಿ ಅವನು ಬಂದೇ ಇಲ್ಲ.

ಪುಸ್ತಕ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಯಾವ ಗೇಟ್ ಅಂತ ಹೇಳುವುದಿಲ್ಲ. ಚಾರಣ ಮಾಡುವ ಯಾರಾದರೂ ಇದನ್ನು ಒಂದಲ್ಲ ಒಂದು ಕಡೆ ನೋಡಿರುತ್ತಾರೆ. ಉದ್ದನೆಯ ರಿಜಿಸ್ಟರ್, ರಟ್ಟು ಅರ್ಧ ಕಿತ್ತುಬಂದಿದೆ. ದಾರ ಕಟ್ಟಿದ ಪೆನ್ನು. ಸ್ಕೇಲ್ ಇಟ್ಟು ಎಳೆದ ಕಾಲಂಗಳು: ಹೆಸರು, ಊರು, ಮೊಬೈಲ್ ನಂಬರ್, ಒಟ್ಟು ಜನ, ಹೋದ ಸಮಯ, ಬಂದ ಸಮಯ, ಸಹಿ. ಮೊದಲ ಸಾಲಿನಲ್ಲಿ ಒಂದು ಹೆಸರು, ಪಕ್ಕದಲ್ಲಿ ‘+11’. ಆ ಹನ್ನೊಂದು ಜನ ಯಾರು ಅಂತ ಬೆಟ್ಟಕ್ಕೂ ಗೊತ್ತಿಲ್ಲ, ಇಲಾಖೆಗೂ ಗೊತ್ತಿಲ್ಲ. ‘ಬಂದ ಸಮಯ’ದ ಕಾಲಂ ಒಂದೋ ಖಾಲಿ, ಇಲ್ಲವೇ ಮೇಲಿಂದ ಕೆಳಗಿನವರೆಗೆ ಒಂದೇ ಕೈಬರಹದಲ್ಲಿ 5.30, 5.30, 5.30. ಇಡೀ ಬೆಟ್ಟ ಒಟ್ಟಿಗೆ ಇಳಿದಿದೆ!

ಅಲ್ಲಿ ಕೂತ ವಾಚರ್‌ನ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಆರಕ್ಕೆ ಮೂರ್ನಾಲ್ಕು ಟೆಂಪೊ ಟ್ರಾವೆಲರ್ (ಟಿಟಿ) ಬಂದು ನಿಂತು ನಲವತ್ತು ಜನ ಇಳಿದರೆ, ಒಬ್ಬನೇ ಮನುಷ್ಯ ಟಿಕೆಟ್ ನೋಡಬೇಕು, ಬ್ಯಾಗ್ ನೋಡಬೇಕು, ಟಾಯ್ಲೆಟ್ ಎಲ್ಲಿದೆ ಅಂತ ಹೇಳಬೇಕು, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಕ್ಯೂಆರ್ ಕೋಡ್ ತೆರೆದುಕೊಳ್ಳುವವರೆಗೆ ಕಾಯಬೇಕು. ತಮಾಷೆ ಅಂದರೆ ಎಷ್ಟೋ ಗೇಟ್‌ಗಳಲ್ಲಿ ಪ್ಲಾಸ್ಟಿಕ್ ಬಾಟಲಿಯ ಲೆಕ್ಕ ಪಕ್ಕಾ ಇರುತ್ತದೆ. ಒಳಗೆ ಹೋಗುವಾಗ ಎಷ್ಟು, ಹೊರಗೆ ಬರುವಾಗ ಎಷ್ಟು, ಕಮ್ಮಿ ಬಂದರೆ ಕೊಟ್ಟ ಡೆಪಾಸಿಟ್ ಹೋಯಿತು. ಬಾಟಲಿ ಹಿಡಿದವನ ಲೆಕ್ಕ ಮಾತ್ರ ಇರುವುದಿಲ್ಲ.

ಇನ್ನೊಂದು ಮಾತು. ಆ ಪುಸ್ತಕ ಮೇಜಿನ ಮೇಲೆ ತೆರೆದೇ ಇರುತ್ತದೆ. ಹಿಂದಿನ ಸಾಲಿನ ಹೆಸರು, ಫೋನ್ ನಂಬರ್ ಮುಂದಿನವರಿಗೆ ಕಾಣುತ್ತದೆ. ನನ್ನ ಜೊತೆ ಬರುವ ಗೆಳತಿಯರು ಅದರಲ್ಲಿ ಒಂದು ಅಂಕಿ ಬದಲಿಸಿಯೇ ಬರೆಯುವುದು. ಬರೆಯದೆ ಏನು ಮಾಡುತ್ತಾರೆ ಹೇಳಿ? ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲೇ ಕಾಯ್ದೆ ಬಂದಿದೆ. ಗೇಟಿನ ಮೇಜಿನ ಕಾಗದದ ಪುಸ್ತಕಕ್ಕೆ ಅದು ತಲುಪುವುದಿಲ್ಲ. ಪರಿಣಾಮ ನಿಮಗೇ ನಷ್ಟ. ಯಾರಾದರೂ ದಾರಿ ತಪ್ಪಿದ ದಿನ ನಿಮ್ಮ ಕೈಯಲ್ಲಿರುವುದು ತಪ್ಪು ನಂಬರ್.

ದಾರಿ ತಪ್ಪುವುದು, ಬೆಂಕಿ ಬೀಳುವುದು ಕತೆಯಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ನಮ್ಮ ಹುಲ್ಲುಗಾವಲುಗಳೂ ಫೆಬ್ರವರಿ ಹೊತ್ತಿಗೆ ಒಣಗಿ ನಿಂತಿರುತ್ತವೆ. ಅದಕ್ಕೇ ಬೇಸಿಗೆಯಲ್ಲಿ ದಾರಿ ಮುಚ್ಚುತ್ತೀರಿ, ಒಳ್ಳೆಯದು. ಆದರೆ ಮುಚ್ಚುವ ಹಿಂದಿನ ವಾರ ಬೆಂಕಿ ಬಿದ್ದರೆ? ಹುಡುಕಲು ಹೊರಟವರು ಕೇಳುವ ಮೊದಲ ಪ್ರಶ್ನೆ, ಮೇಲೆ ಇನ್ನೂ ಎಷ್ಟು ಜನ ಇದ್ದಾರೆ? ‘+11’ ಅದಕ್ಕೆ ಉತ್ತರ ಕೊಡುವುದಿಲ್ಲ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಒಂದು ದಾರಿಯ ಆಸುಪಾಸು ಮಂಗ ಸತ್ತು ಬಿದ್ದಿದೆ ಅಂದರೆ, ಆ ವಾರ ಅಲ್ಲಿ ನಡೆದವರಿಗೆ ಒಂದು ಮೆಸೇಜ್ ಹೋಗಬೇಕು. ಜ್ವರ ಬಂದರೆ ಡಾಕ್ಟರ್‌ಗೆ ಕಾಡಿಗೆ ಹೋಗಿದ್ದೆ ಅಂತ ಹೇಳಿ, ಇಷ್ಟೇ ಸಾಕು. ಸರಿಯಾದ ನಂಬರ್ ಇದ್ದರೆ ಐದು ನಿಮಿಷದ ಕೆಲಸ ಅದು.

ಹಾಗಾದರೆ ಹೇಗೆ ಎಣಿಸುವುದು? ಇದಕ್ಕೆ ಕೋಟಿ ಕೋಟಿ ಬೇಕಿಲ್ಲ. ಪ್ರಪಂಚದ ಬೇರೆ ಕಡೆ ಇದೇ ಒಂದು ಕಸುಬಾಗಿ ಬೆಳೆದಿದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳು 1904ರಿಂದ ಬಂದವರನ್ನು ಎಣಿಸುತ್ತಿವೆ, ತಿಂಗಳ ತಿಂಗಳ ಲೆಕ್ಕ ಯಾರು ಬೇಕಾದರೂ ನೋಡುವಂತೆ ಹಾಕುತ್ತವೆ. 2024ರಲ್ಲಿ ಅಲ್ಲಿನ ಭೇಟಿಗಳ ಸಂಖ್ಯೆ 33 ಕೋಟಿ ದಾಟಿತು. ಉತ್ತರ ಯುರೋಪಿನ ಮತ್ತು ಬಾಲ್ಟಿಕ್ ದೇಶಗಳು ಸೇರಿ 2007ರಲ್ಲಿ ಇದಕ್ಕಂತಲೇ ಒಂದು ಕೈಪಿಡಿ ತಂದವು. ಗೇಟೇ ಇಲ್ಲದ, ನೂರು ಕಡೆಯಿಂದ ನುಗ್ಗಬಹುದಾದ ಕಾಡನ್ನೂ ಎಣಿಸುವ ಉಪಾಯ ಇದೆ. ಅಮೆರಿಕದ ಫಾರೆಸ್ಟ್ ಸರ್ವಿಸ್ 2000ದಿಂದ ಆ ಕೆಲಸ ಮಾಡುತ್ತಿದೆ. ಎಲ್ಲ ದಿನ, ಎಲ್ಲ ಕಡೆ ಅವರು ಎಣಿಸುವುದಿಲ್ಲ. ಕೆಲವು ಜಾಗ, ಕೆಲವು ದಿನ ಆರಿಸಿಕೊಂಡು, ಹೊರಗೆ ಬರುವವರನ್ನು ಎಣಿಸಿ ಮಾತಾಡಿಸುತ್ತಾರೆ. ಒಂದೊಂದು ಕಾಡಿನ ಸರದಿ ಐದು ವರ್ಷಕ್ಕೊಮ್ಮೆ. ಲೈನ್ ಟ್ರಾನ್ಸೆಕ್ಟ್ (ಗೊತ್ತುಮಾಡಿದ ನೇರ ಗೆರೆಯ ಮೇಲೆ ನಡೆದು ಪ್ರಾಣಿ ಎಣಿಸುವುದು) ನಡೆದು ಅಭ್ಯಾಸ ಇರುವ ನಿಮ್ಮ ಸಿಬ್ಬಂದಿಗೆ ಇದು ಹೊಸ ವಿದ್ಯೆ ಏನಲ್ಲ.

ನಮ್ಮ ದಾರಿಗಳಿಗೆ ಸರಳವಾದದ್ದು ಇನ್‌ಫ್ರಾರೆಡ್ ಕೌಂಟರ್. ಅಂಗೈ ಅಗಲದ ಡಬ್ಬಿ. ಸೊಂಟದ ಎತ್ತರಕ್ಕೆ ಒಂದು ಕಂಬಕ್ಕೋ ಮರಕ್ಕೋ ಕಟ್ಟುತ್ತಾರೆ. ಎದುರಿಗೆ ಬಿಸಿ ಮೈ ಹಾದುಹೋದರೆ ಒಂದು ಅಂತ ಬರೆದುಕೊಳ್ಳುತ್ತದೆ, ಜೊತೆಗೆ ಗಂಟೆಯನ್ನೂ. ಫೋಟೊ ತೆಗೆಯುವುದಿಲ್ಲ, ಹೆಸರು ಕೇಳುವುದಿಲ್ಲ. ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ.

ಅದನ್ನು ಎಲ್ಲಿ ಕಟ್ಟುತ್ತೇವೆ ಅನ್ನೋದರಲ್ಲೇ ಇರುವುದು ಕೆಲಸ. ವ್ಯೂ ಪಾಯಿಂಟ್ ಹತ್ತಿರ ಕಟ್ಟಿದರೆ ಸೆಲ್ಫಿ ತೆಗೆಯುವವನೊಬ್ಬನೇ ಹತ್ತು ಸಲ ಎಣಿಕೆಯಾಗುತ್ತಾನೆ. ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದಾದ, ಯಾರೂ ನಿಲ್ಲಲು ಮನಸ್ಸು ಮಾಡದ ಇಕ್ಕಟ್ಟಿನ ಜಾಗ ಹುಡುಕಬೇಕು. ಎದುರಿಗೆ ಬಿಸಿಲಿಗೆ ಕಾದ ಬಂಡೆ ಇರಬಾರದು. ಗಾಳಿಗೆ ಅಲ್ಲಾಡುವ ಎಲೆ, ಕೊಂಬೆ ಇದ್ದರೆ ಸವರಿಬಿಡಬೇಕು, ಇಲ್ಲದಿದ್ದರೆ ಡಬ್ಬಿ ಗಾಳಿಯನ್ನೇ ಎಣಿಸುತ್ತದೆ. ಕೋತಿಯ ಕೈಗೆ ಸಿಗದ ಹಾಗೆ ಇರಬೇಕು. ಮನುಷ್ಯರ ಕಣ್ಣಿಗೂ ಬೀಳದಿದ್ದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೂ ಅದರ ಮಾತನ್ನು ಹಾಗೇ ನಂಬುವಂತಿಲ್ಲ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಹೋದರೆ ಅದಕ್ಕೆ ಒಬ್ಬರೇ. ದನ ಹೋದರೂ ಒಂದು. ಅದಕ್ಕೆ ಮನುಷ್ಯರು ಕೂತು ತಾಳೆ ನೋಡಬೇಕು. ಒಂದು ಶನಿವಾರ ಬೆಳಿಗ್ಗೆ, ಒಂದು ಬುಧವಾರ ಮಧ್ಯಾಹ್ನ, ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ, ಡಬ್ಬಿಯ ಪಕ್ಕ ನೋಟ್‌ಬುಕ್ ಹಿಡಿದು ಕೂತು ಗೀಟು ಹಾಕುತ್ತಾ ಹೋಗುವುದು. ನಿಮ್ಮ ಗೀಟು 100, ಡಬ್ಬಿಯದು 80 ಅಂದರೆ, ಡಬ್ಬಿ ಹೇಳಿದ್ದನ್ನು ಒಂದೂಕಾಲಿನಿಂದ ಗುಣಿಸಿಕೊಳ್ಳಬೇಕು. ಈ ಕೂರುವ ಕೆಲಸ ತಪ್ಪಿಸಿದರೆ ಎಷ್ಟು ದುಬಾರಿ ಯಂತ್ರ ತಂದರೂ ಪ್ರಯೋಜನವಿಲ್ಲ. ಟೆಂಡರ್ ಕರೆಯುವವರು ಸಾಮಾನ್ಯವಾಗಿ ಡಬ್ಬಿಗೆ ದುಡ್ಡು ಇಡುತ್ತಾರೆ, ಕೂರುವವನಿಗೆ ಇಡುವುದಿಲ್ಲ. ದಯವಿಟ್ಟು ಇಬ್ಬರಿಗೂ ಇಡಿ.

ಡಬ್ಬಿಗೆ ಊರವರು, ಪ್ರವಾಸಿಗರು ಅನ್ನುವ ವ್ಯತ್ಯಾಸ ಗೊತ್ತಾಗುವುದಿಲ್ಲ. ಕುದುರೆಮುಖದ ಕಾಡಿನ ಒಳಗೂ ಅಂಚಿಗೂ ಮನೆಗಳಿವೆ, ಮಲೆಕುಡಿಯರಿದ್ದಾರೆ. ಅವರು ಅಂಗಡಿಗೆ, ಶಾಲೆಗೆ, ತೋಟಕ್ಕೆ ಓಡಾಡುವುದನ್ನು ಪ್ರವಾಸಿಗರ ಲೆಕ್ಕಕ್ಕೆ ಸೇರಿಸಿ, ಆಮೇಲೆ ದಾರಿಯಲ್ಲಿ ಜನ ಜಾಸ್ತಿ ಆಯಿತು ಅಂತ ಅವರನ್ನೇ ತಡೆಯುವಂತಾಗಬಾರದು. ತಾಳೆ ನೋಡಲು ಕೂರುವವರಲ್ಲಿ ಒಬ್ಬರಾದರೂ ಆ ಊರಿನವರಿರಲಿ, ಕೂಲಿ ಕೊಟ್ಟು ಕೂರಿಸಿ. ಯಾರು ಊರವರು, ಯಾರು ಹೊರಗಿನವರು ಅಂತ ಅವರು ನಡಿಗೆ ನೋಡಿಯೇ ಹೇಳುತ್ತಾರೆ. ಹಾಗೆಯೇ ಜೀಪಿನವರನ್ನು, ಹೋಂಸ್ಟೇಯವರನ್ನು ಕೇಳಿ. ಈ ಭಾನುವಾರ ಎಷ್ಟು ಟ್ರಿಪ್ ಆಯಿತು, ಎಷ್ಟು ಊಟ ಹೋಯಿತು ಅನ್ನೋದು ಅವರ ಬಾಯಲ್ಲೇ ಇರುತ್ತದೆ. ಪೂರ್ತಿ ನಿಜ ಹೇಳುತ್ತಾರೆ ಅಂತಲ್ಲ. ಡಬ್ಬಿಯ ಲೆಕ್ಕಕ್ಕೆ ಪಕ್ಕದಲ್ಲಿಟ್ಟು ನೋಡಲು ಸಾಕು.

ಮುಳ್ಳಯ್ಯನಗಿರಿಯ ವಿಷಯ ಬೇರೆ. ಅಲ್ಲಿ ಬಹುತೇಕರು ಗಾಡಿಯಲ್ಲೇ ಬರುವುದು. 2025ರ ಸೆಪ್ಟೆಂಬರ್‌ನಿಂದ ಚಿಕ್ಕಮಗಳೂರು ಜಿಲ್ಲಾಡಳಿತ ಗಾಡಿಗಳಿಗೆ ಆನ್‌ಲೈನ್ ಬುಕಿಂಗ್ ತಂದಿದೆ, ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು. ಗಾಡಿಗೆ ಮಿತಿ ಹಾಕಿದರೆ ರಸ್ತೆ ಬಚಾವ್, ಜನರ ಲೆಕ್ಕ ಸಿಕ್ಕ ಹಾಗಲ್ಲ. ಬೈಕಿನಲ್ಲಿ ಇಬ್ಬರು, ಟಿಟಿಯಲ್ಲಿ ಹನ್ನೆರಡು. ಗಾಡಿಗೆ ಸರಾಸರಿ ಎಷ್ಟು ಜನ ಅಂತ ಆಗಾಗ ಎಣಿಸಿ ಬರೆದಿಡಬೇಕು. 2022ರಲ್ಲಿ ಅಲ್ಲಿನ ಚಂದ್ರದ್ರೋಣ ಬೆಟ್ಟದಲ್ಲಿ ಹಲವು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಹೂ ಅರಳಿದಾಗ ಜನ ಹೇಗೆ ಮುಗಿಬಿದ್ದರು ನೆನಪಿದೆ ಅಲ್ವಾ? ಒಂದು ವರ್ಷದ ಲೆಕ್ಕ ನೋಡಿ ತೀರ್ಮಾನ ಮಾಡಿದರೆ ಅಂಥ ವರ್ಷಗಳಲ್ಲಿ ಎಲ್ಲ ತಲೆಕೆಳಗಾಗುತ್ತದೆ.

ಈಗ ಮತ್ತೆ 300ಕ್ಕೆ ಬರುತ್ತೇನೆ. ಎಷ್ಟು ಜನ ಆದರೆ ಜಾಸ್ತಿ ಅನ್ನುವ ಪ್ರಶ್ನೆಗೆ ನೇರ ಉತ್ತರ ಯಾರಿಗೂ ಸಿಕ್ಕಿಲ್ಲ. 1985ರಲ್ಲಿ ಅಮೆರಿಕದ ಫಾರೆಸ್ಟ್ ಸರ್ವಿಸ್‌ನವರು ಪ್ರಶ್ನೆಯನ್ನೇ ಬದಲಿಸಿದರು. ಈ ಜಾಗದಲ್ಲಿ ಎಷ್ಟು ಬದಲಾವಣೆಯನ್ನು ನಾವು ಸಹಿಸುತ್ತೇವೆ ಅಂತ ಮೊದಲು ನಿರ್ಧರಿಸಿ, ಆ ಗೆರೆ ದಾಟುತ್ತಿದೆಯಾ ಅಂತ ನೋಡುತ್ತಾ ಇರಿ ಅಂದರು. ಇದು ನಮಗೆ ಸರಿಯಾಗಿ ಹೊಂದುತ್ತದೆ. ನೇತ್ರಾವತಿ, ಕುದುರೆಮುಖದ ಹುಲ್ಲಿನ ಇಳಿಜಾರುಗಳನ್ನು ನೋಡಿ. ಮಳೆ ಬಂದು ದಾರಿ ಕೆಸರಾದರೆ ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಸ್ವಲ್ಪ ದಿನಕ್ಕೆ ಅಲ್ಲೂ ಮಣ್ಣು ಎದ್ದು ಕೆಸರು. ಆಮೇಲೆ ಇನ್ನೂ ಆಚೆ. ಒಂದು ಕಾಲುದಾರಿ ಮೂರಾಗುತ್ತದೆ, ಮುಂದಿನ ಮಳೆಗೆ ಮೂರೂ ಸಣ್ಣ ತೋಡಾಗಿ ಮಣ್ಣು ಕೆಳಗಿನ ಶೋಲಾಕ್ಕೆ, ಅಂದರೆ ಹುಲ್ಲುಗಾವಲಿನ ನಡುವಿನ ಕಣಿವೆಯ ಕಾಡಿಗೆ, ಇಳಿಯುತ್ತದೆ. ಅಲ್ಲಿಂದಲೇ ಹೊಳೆ ಹುಟ್ಟುವುದು.

ಇದನ್ನು ಅಳೆಯಲು ಒಂದು ಟೇಪು ಮತ್ತು ಒಂದು ಮೊಬೈಲ್ ಸಾಕು. ದಾರಿಯುದ್ದಕ್ಕೆ ಹತ್ತು ಜಾಗ ಗುರುತು ಮಾಡಿ. ಪ್ರತಿ ತಿಂಗಳು ಅದೇ ಜಾಗದಲ್ಲಿ ನಿಂತು ಅದೇ ಕಡೆಗೆ ಒಂದು ಫೋಟೊ, ಹುಲ್ಲಿಲ್ಲದ ಅಗಲ ಎಷ್ಟು ಅಂತ ಒಂದು ಅಳತೆ. ಜನರ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿದರೆ ಕೆಲವು ಸಲ ಅಚ್ಚರಿಯಾಗುತ್ತದೆ. ಒಣ ಡಿಸೆಂಬರ್‌ನಲ್ಲಿ 300 ಜನ ಮಾಡದ ಹಾನಿಯನ್ನು ಜುಲೈನಲ್ಲಿ ನೂರು ಜನ ಮಾಡಿರಬಹುದು. ಆಗ ಮಿತಿ ತಿಂಗಳಿಗೆ ತಕ್ಕ ಹಾಗೆ ಬದಲಾಗಬೇಕು. ಅಥವಾ ಜನ ಎಷ್ಟೇ ಇರಲಿ, ಕೆಸರಿನ ಜಾಗದಲ್ಲಿ ನಾಲ್ಕು ಕಲ್ಲು ಹಾಸಿದರೆ ಸಾಕು ಅಂತಲೂ ಗೊತ್ತಾಗಬಹುದು. ಗಂಟೆಯ ಲೆಕ್ಕವೂ ಅಷ್ಟೇ. 300ರಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಆರರಿಂದ ಏಳರ ಒಳಗೇ ಹೊರಡುತ್ತಾರೆ ಅಂತ ಡಬ್ಬಿ ಹೇಳಿದರೆ, ಸಂಖ್ಯೆ ಇಳಿಸುವ ಬದಲು ಹೊರಡುವ ಸಮಯ ಹಂಚಿದರೆ ಮುಗಿಯಿತು.

ಎಣಿಸಿದರೆ ಮುಚ್ಚಿಬಿಡುತ್ತಾರೆ ಅನ್ನುವ ಭಯ ನಮ್ಮ ಚಾರಣದ ಗುಂಪುಗಳಲ್ಲಿ ಇದೆ. ಸುಮ್ನೆ ಇರಿ, ಕೇಳಿಸಿಕೊಂಡು ಕೊನೆಗೆ ಬೀಗ ಹಾಕುತ್ತಾರೆ ಅಂತ ನನಗೂ ಹೇಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ಇಲ್ಲದಾಗಲೇ ಬೀಗ ಬೀಳುವುದು. 2024ರ ಜನವರಿಯಲ್ಲಿ ಆದದ್ದು ಅದೇ. ಒಂದು ಬೆಟ್ಟದ ಒಂದು ವಾರಾಂತ್ಯದ ವಿಡಿಯೊಗೆ, ಆ ದಿನ ಹತ್ತು ಜನವೂ ಬಾರದ ದಾರಿಗಳೂ ಮುಚ್ಚಿದವು. ಎಲ್ಲಿ ಎಷ್ಟು ಜನ ಅಂತ ಇಲಾಖೆಯ ಮೇಜಿನ ಮೇಲೆ ಒಂದು ಹಾಳೆ ಇದ್ದಿದ್ದರೆ ಒಂದೇ ಗೇಟ್ ಮುಚ್ಚಿದರೂ ಸಾಕಾಗುತ್ತಿತ್ತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮಳೆ ಮುಗಿದು ಶುರುವಾಗುವ ಚಾರಣದ ಕಾಲಕ್ಕೆ ಮೂರೇ ದಾರಿ ಆರಿಸಿಕೊಳ್ಳಿ. ಕುಮಾರ ಪರ್ವತ ಎರಡೂ ಕಡೆಯಿಂದ, ನೇತ್ರಾವತಿ, ಕುದುರೆಮುಖ. ಪ್ರತಿ ಗೇಟಿನಲ್ಲೂ ಟಿಕೆಟ್ಟನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸ್ಕ್ಯಾನ್ ಮಾಡಿ. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುವಂಥ ಆ್ಯಪ್ ಕೊಡಿ, ಸಂಜೆ ಊರಿಗೆ ಇಳಿದ ಮೇಲೆ ಕಳಿಸಿದರೆ ಆಯಿತು. ಎರಡು ಗೇಟ್‌ಗಳು ಸಂಜೆ ಒಂದಕ್ಕೊಂದು ವೈರ್‌ಲೆಸ್‌ನಲ್ಲಿ ಮಾತಾಡಿ ಲೆಕ್ಕ ಕೂಡಿಸಲಿ. ತೆರೆದ ರಿಜಿಸ್ಟರ್ ಎತ್ತಿಡಿ. ದಾರಿಗೆ ಒಂದೆರಡು ಕೌಂಟರ್ ಕಟ್ಟಿ, ತಾಳೆ ನೋಡಲು ಊರವರನ್ನೂ ಕಾಲೇಜು ಹುಡುಗರನ್ನೂ ಕರೆಯಿರಿ. ಹುಲಿ ಗಣತಿಗೆ ಸ್ವಯಂಸೇವಕರು ಬರುತ್ತಾರಲ್ಲ, ಇದಕ್ಕೂ ಬರುತ್ತಾರೆ.

ಆಮೇಲೆ ತಿಂಗಳಿಗೊಂದು ಹಾಳೆ ಅದೇ ಬುಕಿಂಗ್ ವೆಬ್‌ಸೈಟ್‌ನಲ್ಲಿ ಹಾಕಿ. ಟಿಕೆಟ್ ಎಷ್ಟು, ಹೋದವರು ಎಷ್ಟು, ಬಂದವರು ಎಷ್ಟು, ಡಬ್ಬಿ ಏನು ಹೇಳಿತು, ದಾರಿಯ ಅಗಲ ಎಷ್ಟಾಯಿತು. ಕನ್ನಡದಲ್ಲಿ ಹಾಕಿ. ವರ್ಷ ತುಂಬಿದ ಮೇಲೆ ಆ ಹನ್ನೆರಡು ಹಾಳೆ ಮುಂದಿಟ್ಟುಕೊಂಡು, ಆ ಊರಿನವರನ್ನೂ ಕೂರಿಸಿಕೊಂಡು, ಪ್ರತಿ ದಾರಿಗೂ ಅದರದೇ ಮಿತಿ ಹಾಕಿ. 300 ಇದ್ದದ್ದು 150 ಆದರೂ ನನ್ನ ತಕರಾರಿಲ್ಲ.

ತಾಳೆ ನೋಡಲು ಶನಿವಾರ ಬೆಳಿಗ್ಗೆ ಯಾರು ಕೂರುತ್ತಾರೆ ಅನ್ನುವುದು ನಿಮ್ಮ ಚಿಂತೆಯಾದರೆ, ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದುಕೊಳ್ಳಿ. ನೋಟ್‌ಬುಕ್, ಪೆನ್ನು ನಾನೇ ತರುತ್ತೇನೆ.

ಇಂತಿ,
ಬೆಂಗಳೂರಿನಿಂದ ಬರುವ ಒಬ್ಬ ಚಾರಣಿಗ